ಸಿಗ್ನಲ್ ಫುಲ್ ಇದೆ, ನೆಟ್ ಮಾತ್ರ ಇಲ್ಲ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಕೋವರ್ಕಿಂಗ್ ಆಫೀಸಿನಲ್ಲಿ ವಾರಕ್ಕೆ ನಾಲ್ಕು ದಿನ ಕೂತು ಕೆಲಸ ಮಾಡುತ್ತೇನೆ. ಒಂದೊಂದು ಟೇಬಲ್ಲಿಗೆ ಒಂದೊಂದು ಕಂಪನಿ. ಒಬ್ಬರು ಜಿಎಸ್‌ಟಿ ರಿಟರ್ನ್ಸ್ ತುಂಬುತ್ತಿರುತ್ತಾರೆ, ಪಕ್ಕದವರು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುತ್ತಿರುತ್ತಾರೆ, ಮೂಲೆಯಲ್ಲೊಬ್ಬರು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಲೆಕ್ಕ ನೋಡುತ್ತಿರುತ್ತಾರೆ. ಎಲ್ಲರಿಗೂ ಒಂದೇ ವೈಫೈ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾರಾದರೊಬ್ಬರು ತಲೆ ಎತ್ತಿ ಕೇಳಿಯೇ ಕೇಳುತ್ತಾರೆ: “ನಿಮಗ ನೆಟ್ ಬರಾಕತ್ತೈತೇನ್ರಿ?”

ಸುಮ್ನೆ ಕೇಳಿದ ಹಾಗೆ ಅನಿಸುತ್ತದೆ, ಆದರೆ ಇದು ಬಹಳ ಒಳ್ಳೆಯ ಪ್ರಶ್ನೆ. ಪಕ್ಕದವರಿಗೆ ನೆಟ್ ಬರುತ್ತಿದ್ದರೆ ಹೊರಗಿನ ಲೈನ್ ಸರಿಯಿದೆ ಎಂದಾಯಿತು. ಇನ್ನೊಂದು ಪರೀಕ್ಷೆಯೂ ಸುಲಭ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಅಲ್ಲಿ ಎಲ್ಲ ಸರಿಯಾಗಿ ತೆರೆದುಕೊಂಡರೆ ಲ್ಯಾಪ್‌ಟಾಪಿನ ವೈಫೈ ಕಾರ್ಡು, ಡ್ರೈವರ್, ಬ್ರೌಸರ್ ಮೇಲೆ ಅನುಮಾನ ಪಡಬೇಕಾಗಿಲ್ಲ. ಗಂಟು ಇರುವುದು ನಿಮ್ಮ ಲ್ಯಾಪ್‌ಟಾಪಿಗೂ ಈ ಆಫೀಸಿನ ವೈಫೈಗೂ ನಡುವೆ. ಎರಡು ನಿಮಿಷದ ಕೆಲಸ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ಮೊದಲಿಗೇ ಎಲ್ಲವನ್ನೂ “ಬಂದ್ ಮಾಡಿ ಚಾಲೂ” ಮಾಡುತ್ತಾರೆ.

ಬಂದ್ ಮಾಡಿ ಚಾಲೂ ಮಾಡುವುದನ್ನು ನಾನು ಬೈಯುವುದಿಲ್ಲ. ಎಷ್ಟೋ ಸಲ ಅದರಿಂದಲೇ ಕೆಲಸ ಆಗುತ್ತದೆ. ಆದರೆ ಯಾಕೆ ಸರಿಯಾಯಿತು ಅಂತ ಗೊತ್ತಾಗದ ಕಾರಣ ನಾಳೆ ಮತ್ತೆ ಅದೇ ರಾಮಾಯಣ. ಮನೆಯಲ್ಲಾದರೆ ನಿಮ್ಮಿಷ್ಟ. ಐವತ್ತು ಅರವತ್ತು ಜನ ಹಂಚಿಕೊಂಡ ವೈಫೈನಲ್ಲಿ ರೂಟರಿನ ಸ್ವಿಚ್ಚಿಗೆ ಮಾತ್ರ ಕೈ ಹಾಕಬೇಡಿ. ನಿಮ್ಮ ಒಂದು ಮೇಲ್ ಹೋಗಲಿಲ್ಲ ಅಂತ ಅರವತ್ತು ಜನರ ಮೀಟಿಂಗ್ ಕತ್ತರಿಸಿದಂತೆ ಆಗುತ್ತದೆ.

“ನೆಟ್ ಇಲ್ಲ” ಅನ್ನುವುದು “ಹೊಟ್ಟೆ ನೋವು” ಅಂದ ಹಾಗೆ. ಒಂದೇ ಮಾತು, ಒಳಗೆ ಹತ್ತು ಕಾರಣ. ಲ್ಯಾಪ್‌ಟಾಪಿನಿಂದ ಹೊರಗಿನ ಜಗತ್ತಿಗೆ ಹೋಗುವ ದಾರಿಯಲ್ಲಿ ಸಾಲಾಗಿ ಬಾಗಿಲುಗಳಿವೆ. ಮೊದಲು ರೇಡಿಯೋ ಅಲೆ ಸಿಗಬೇಕು. ಆಮೇಲೆ ಪಾಸ್‌ವರ್ಡ್ ಒಪ್ಪಬೇಕು. ಆಮೇಲೆ ನಿಮಗೊಂದು ಐಪಿ ವಿಳಾಸ, ಅಂದರೆ ಈ ನೆಟ್‌ವರ್ಕಿನಲ್ಲಿ ನಿಮ್ಮ ಯಂತ್ರದ ನಂಬರ್, ಸಿಗಬೇಕು. ಆಮೇಲೆ ಮೊಬೈಲ್ ನಂಬರ್ ಕೇಳುವ ಲಾಗಿನ್ ಪುಟ ದಾಟಬೇಕು. ಅದಾದ ಮೇಲೆ ತಾಣದ ಹೆಸರಿನಿಂದ ಅದರ ನಂಬರ್ ಹುಡುಕಿಕೊಡುವ ಡಿಎನ್‌ಎಸ್, ಕೊನೆಗೆ ಹೊರಗಿನ ಲೈನ್. ಮೇಲೆ ಕಾಣುವ ವೈಫೈ ಗೆರೆಗಳು ಹೇಳುವುದು ಮೊದಲ ಬಾಗಿಲಿನ ಸುದ್ದಿ ಮಾತ್ರ. ಅದಕ್ಕೇ ಗೆರೆ ಪೂರ್ತಿ ಇದ್ದೂ ಏನೂ ತೆರೆಯದೇ ಇರಬಹುದು.

ಮೊದಲ ಎರಡು ಬಾಗಿಲು ಬೇಗ ಮುಗಿಸಿಬಿಡೋಣ. ಫೋನಿಗೆ ಕಾಣುವ ವೈಫೈ ಹೆಸರು ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲ ಎಂದರೆ ಏರ್‌ಪ್ಲೇನ್ ಮೋಡ್ ಕೀ ಒತ್ತಿಹೋಗಿದೆಯೇ ನೋಡಿ. ಇಲ್ಲವೆಂದರೆ ಲ್ಯಾಪ್‌ಟಾಪ್ ಹಳೆಯದಿರಬಹುದು. ವೈಫೈ ಮುಖ್ಯವಾಗಿ ಎರಡು ರೇಡಿಯೋ ಪಟ್ಟಿಗಳಲ್ಲಿ (ಬ್ಯಾಂಡ್) ಓಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಅಗ್ಗದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ 2.4 ಒಂದನ್ನೇ ಕೇಳಬಲ್ಲವು. ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಅಗಲವಾಗಿ ಬಿಟ್ಟುಕೊಟ್ಟದ್ದೇ 2018ರಲ್ಲಿ. ಆಫೀಸಿನವರು 5 ಮಾತ್ರ ಆನ್ ಇಟ್ಟಿದ್ದರೆ ಹಳೆಯ ಯಂತ್ರಕ್ಕೆ ಆ ಹೆಸರು ಇಲ್ಲವೇ ಇಲ್ಲ. ಡಬ್ಲ್ಯುಪಿಎ3 ಎಂಬ ಹೊಸ ಬೀಗ ಮಾತ್ರ ಇಟ್ಟಿದ್ದರೂ ಹಳೆಯವು ಹೊರಗೇ ಉಳಿಯುತ್ತವೆ. ಪಾಸ್‌ವರ್ಡ್ ವಿಷಯ ಇನ್ನೂ ಸರಳ. ಆಫೀಸಿನವರು ಪಾಸ್‌ವರ್ಡ್ ಬದಲಿಸಿರುತ್ತಾರೆ, ಲ್ಯಾಪ್‌ಟಾಪ್ ಹಳೆಯದನ್ನೇ ಕೊಡುತ್ತಿರುತ್ತದೆ. ಆ ವೈಫೈ ಹೆಸರಿನ ಮೇಲೆ ಹೋಗಿ “ಫರ್ಗೆಟ್” ಒತ್ತಿ, ಹೊಸದಾಗಿ ಸೇರಿಕೊಳ್ಳಿ. ಆಯಿತು.

ಮೂರನೆಯ ಬಾಗಿಲಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಜನ ತುಂಬಿದ ಜಾಗಗಳಲ್ಲಿ ಎಲ್ಲರೂ ಮುಗ್ಗರಿಸುವುದು ಇಲ್ಲೇ, ಮತ್ತು ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸೋಮವಾರ ನಮ್ಮ ಆಫೀಸಿನ ಹಾಲಿನಲ್ಲಿ ಯಾವುದೋ ತರಬೇತಿ ಇತ್ತು. ಒಂಬತ್ತು ಗಂಟೆಗೆ ಬಂದವರಿಗೆಲ್ಲ ನೆಟ್ ಚೆನ್ನಾಗಿತ್ತು. ಹನ್ನೊಂದರ ಮೇಲೆ ಬಂದವರಿಗೆ ಮಾತ್ರ ಇಲ್ಲ. ವೈಫೈ ಸೇರುತ್ತದೆ, ಪಾಸ್‌ವರ್ಡ್ ಒಪ್ಪುತ್ತದೆ, ಕೆಳಗೆ “ನೋ ಇಂಟರ್‌ನೆಟ್” ಎಂದು ಬರುತ್ತದೆ. “ಸಿಗ್ನಲ್ ಫುಲ್ ಐತ್ರಿ, ಒಂದೂ ಓಪನ್ ಆಗವಲ್ದು” ಅಂತ ಒಬ್ಬರು ಮೂರು ಸಲ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದರು. ಪಕ್ಕದವರಿಗೆ ಬರುತ್ತಿದೆ, ಆದ್ದರಿಂದ ನಮ್ಮ ಲ್ಯಾಪ್‌ಟಾಪೇ ಕೆಟ್ಟಿದೆ ಅಂತ ಅವರ ತೀರ್ಮಾನ. ಮೇಲೆ ನಾನು ಹೇಳಿದ ಮೊದಲ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ ನೋಡಿ. ಹಾಟ್‌ಸ್ಪಾಟ್ ಪರೀಕ್ಷೆಯನ್ನೂ ಮಾಡಬೇಕು ಅನ್ನುವುದು ಅದಕ್ಕೇ. ಅದರಲ್ಲಿ ಅವರ ಲ್ಯಾಪ್‌ಟಾಪ್ ಸಲೀಸಾಗಿ ಓಡಿತು.

ಆಮೇಲೆ ಅವರ ಐಪಿ ವಿಳಾಸ ನೋಡಿದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ ಒಳಗೆ ಪ್ರಾಪರ್ಟೀಸ್‌ನಲ್ಲಿ ಇದು ಕಾಣುತ್ತದೆ. ಐಪಿವಿ4 ಎಂಬ ಸಾಲು ಹುಡುಕಿ. ಸಾಮಾನ್ಯವಾಗಿ ಅದು 192.168 ಎಂದೋ 10 ಎಂದೋ ಶುರುವಾಗುತ್ತದೆ. ಅವರದ್ದು 169.254 ಎಂದು ಶುರುವಾಗಿತ್ತು. ಈ ಅಂಕಿ ನೆನಪಿಟ್ಟುಕೊಳ್ಳಿ. “ನಾನು ಕೇಳಿದೆ, ಯಾರೂ ವಿಳಾಸ ಕೊಡಲಿಲ್ಲ, ನಾನೇ ಒಂದು ಬರೆದುಕೊಂಡೆ” ಅಂತ ಲ್ಯಾಪ್‌ಟಾಪ್ ಹೇಳುವ ರೀತಿ ಇದು. ಆ ವಿಳಾಸ ಹಿಡಿದು ಹೊರಗೆ ಎಲ್ಲಿಗೂ ಹೋಗಲಾಗದು.

ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಜಾತ್ರೆಯ ಚಪ್ಪಲಿ ಸ್ಟ್ಯಾಂಡ್ ಗೊತ್ತಲ್ಲ, ಹಾಗೆಯೇ. ನೀವು ಬಂದ ಕೂಡಲೇ ಒಂದು ಟೋಕನ್ ಕೊಡುತ್ತಾರೆ, ಹೋಗುವಾಗ ವಾಪಸ್ ಪಡೆಯುತ್ತಾರೆ. ಸಣ್ಣ ಆಫೀಸಿನ ರೂಟರಿನ ಹತ್ತಿರ ಸಾಮಾನ್ಯವಾಗಿ ಇರುವುದು 254 ಟೋಕನ್. ಅದರಲ್ಲಿ ಒಂದು ರೂಟರಿಗೇ ಬೇಕು. 254 ಅಂದರೆ ಸಾಕಷ್ಟಾಯಿತಲ್ಲ ಅನಿಸುತ್ತದೆ. ಲೆಕ್ಕ ಹಾಕಿ. ಒಬ್ಬರಿಗೆ ಲ್ಯಾಪ್‌ಟಾಪ್ ಒಂದು, ಫೋನ್ ಒಂದು, ಕೆಲವರಿಗೆ ಕೈಗಡಿಯಾರವೂ ಒಂದು. ಎಂಬತ್ತು ಜನ ಬಂದು ಎಲ್ಲರ ಹತ್ತಿರವೂ ಮೂರಿದ್ದರೆ 240 ಹೋಯಿತು. ಪ್ರಿಂಟರ್, ಕ್ಯಾಮೆರಾ, ಟಿವಿ ಬೇರೆ.

ಇನ್ನೊಂದು ಎಡವಟ್ಟು ಇದೆ. ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ವಾಪಸ್ ಕೊಡದೆ ಯಾರೂ ಮನೆಗೆ ಹೋಗುವುದಿಲ್ಲ. ವೈಫೈನಲ್ಲಿ ಎಲ್ಲರೂ ಟೋಕನ್ ಜೇಬಿನಲ್ಲಿಟ್ಟುಕೊಂಡೇ ಎದ್ದು ಹೋಗುತ್ತಾರೆ. ಅದಕ್ಕೆ ರೂಟರ್ ಒಂದು ಅವಧಿ ಇಟ್ಟಿರುತ್ತದೆ. ಅದನ್ನು ಲೀಸ್ ಎನ್ನುತ್ತಾರೆ. ಎಷ್ಟೋ ರೂಟರುಗಳಲ್ಲಿ ಕಂಪನಿ ಇಟ್ಟು ಕಳಿಸಿದ ಲೀಸ್ 24 ಗಂಟೆ. ಅಂದರೆ ಬೆಳಿಗ್ಗೆ ಚಹಾ ಕುಡಿಯಲು ಬಂದು ಹತ್ತು ನಿಮಿಷ ಕೂತು ಹೋದ ಅತಿಥಿಯ ಫೋನಿನ ಹೆಸರಿನಲ್ಲಿ ಒಂದು ಟೋಕನ್ ನಾಳೆ ಬೆಳಗಿನವರೆಗೂ ಮೀಸಲು. ಮನೆಗೆ ಈ ಲೆಕ್ಕ ಸರಿ. ಬಂದು ಹೋಗುವವರೇ ಜಾಸ್ತಿ ಇರುವ ಜಾಗಕ್ಕೆ ಸರಿಯಲ್ಲ.

ರೂಟರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆಗೂ ಬೇರು ಇಲ್ಲೇ ಇದೆ. ಕೆಲವು ರೂಟರುಗಳು ಆಫ್ ಆದ ಕೂಡಲೇ ಟೋಕನ್ ಪುಸ್ತಕವನ್ನೇ ಮರೆತುಬಿಡುತ್ತವೆ. ಮತ್ತೆ ಮೊದಲಿನಿಂದ ಹಂಚುತ್ತವೆ. ಎಲ್ಲ ಸರಿಯಾಯಿತು ಅನಿಸುತ್ತದೆ. ಮರುದಿನ ಹನ್ನೊಂದಕ್ಕೆ ಮತ್ತೆ ಅದೇ ಹಾಡು.

ನಿಮ್ಮ ಕಡೆಯಿಂದ ಮಾಡಬಹುದಾದದ್ದು ಸ್ವಲ್ಪವೇ. ವೈಫೈ ಆಫ್ ಮಾಡಿ ಆನ್ ಮಾಡಿ, ಇಲ್ಲವೇ ವಿಂಡೋಸ್‌ನ ಕಮಾಂಡ್ ಪರದೆಯಲ್ಲಿ ಐಪಿಕಾನ್ಫಿಗ್ ರಿನ್ಯೂ (ipconfig /renew) ಕೊಟ್ಟು ನೋಡಿ. ನಡುವೆ ಯಾರದ್ದಾದರೂ ಅವಧಿ ಮುಗಿದಿದ್ದರೆ ಟೋಕನ್ ಸಿಕ್ಕೀತು. ಯೂಟ್ಯೂಬ್ ನೋಡಿ ವಿಳಾಸವನ್ನು ಕೈಯಿಂದ ಬರೆದುಕೊಳ್ಳುವವರಿದ್ದಾರೆ. ಅದು ಬೇಡ. ನೀವು ಬರೆದುಕೊಂಡ ನಂಬರ್ ಬೇರೆಯವರದ್ದೂ ಆಗಿದ್ದರೆ ಇಬ್ಬರ ನೆಟ್ಟೂ ಕುಂಟುತ್ತದೆ, ಕಾರಣ ಇಬ್ಬರಿಗೂ ತಿಳಿಯುವುದಿಲ್ಲ. ನಿಜವಾದ ಮದ್ದು ವೈಫೈ ನೋಡಿಕೊಳ್ಳುವವರ ಕೈಯಲ್ಲಿದೆ. ನಮ್ಮ ಆಫೀಸಿನ ಹುಡುಗ ಲೀಸ್ ಅವಧಿಯನ್ನು ಎರಡು ಗಂಟೆಗೆ ಇಳಿಸಿದ, 254 ಇದ್ದ ಜಾಗವನ್ನು 510ಕ್ಕೆ ಏರಿಸಿದ. ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚೆ ಹೊಸ ರೂಟರ್ ತರುವ ಮಾತು ನಡೆದಿತ್ತು!

ಈಗ ಲಾಗಿನ್ ಪುಟ. ಹೆಸರು, ಮೊಬೈಲ್ ನಂಬರ್, ಓಟಿಪಿ ಕೇಳುವ ಪುಟ. ಸಾರ್ವಜನಿಕ ವೈಫೈ ಕೊಡುವವರು ಬಳಸುವವರ ಗುರುತು ಇಟ್ಟುಕೊಳ್ಳಬೇಕು ಎಂಬ ಸೂಚನೆಯನ್ನು ಕೇಂದ್ರದ ದೂರಸಂಪರ್ಕ ಇಲಾಖೆ 2009ರಲ್ಲೇ ಕೊಟ್ಟಿದೆ. ಹಾಗಾಗಿ ನಿಲ್ದಾಣ, ಹೋಟೆಲ್, ಆಫೀಸ್ ಎಲ್ಲ ಕಡೆ ಓಟಿಪಿ. ಇರಲಿ. ಆ ಪುಟ ಬರುವುದೇ ಇಲ್ಲ ಅನ್ನುವುದು ತೊಂದರೆ.

ಪುಟ ಹೇಗೆ ಬರುತ್ತದೆ ಎಂಬುದು ಗೊತ್ತಾದರೆ ಯಾಕೆ ಬರುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ವೈಫೈ ಸೇರಿದ ಕೂಡಲೇ ನಿಮ್ಮ ಲ್ಯಾಪ್‌ಟಾಪ್ ಗುಟ್ಟಾಗಿ ಒಂದು ಸಣ್ಣ ಪುಟವನ್ನು ಕೇಳುತ್ತದೆ. ವಿಂಡೋಸ್ ಮೈಕ್ರೋಸಾಫ್ಟ್‌ನ ಒಂದು ಪುಟ ಕೇಳುತ್ತದೆ, ಮ್ಯಾಕ್ ಆ್ಯಪಲ್‌ನದು. ಅದರಲ್ಲಿ ಏನು ಬರೆದಿರಬೇಕು ಅಂತ ಅದಕ್ಕೆ ಮೊದಲೇ ಗೊತ್ತು. ಆ್ಯಪಲ್‌ನದಾದರೆ “ಸಕ್ಸೆಸ್” ಎಂಬ ಒಂದೇ ಪದ. ಅದೇ ಬಂದರೆ ದಾರಿ ತೆರೆದಿದೆ. ನೀವಿನ್ನೂ ಲಾಗಿನ್ ಆಗಿಲ್ಲದಿದ್ದರೆ ರೂಟರ್ ನಡುವೆ ಕೈ ಹಾಕಿ ಬೇರೆ ಉತ್ತರ ಕೊಡುತ್ತದೆ. ಓಹೋ, ಇಲ್ಲೊಬ್ಬ ಕಾವಲುಗಾರ ಇದ್ದಾನೆ ಅಂತ ಲ್ಯಾಪ್‌ಟಾಪಿಗೆ ತಿಳಿದು ಲಾಗಿನ್ ಪುಟವನ್ನು ನಿಮ್ಮ ಮುಂದೆ ಹಿಡಿಯುತ್ತದೆ.

ಈ ಕೈ ಹಾಕುವ ಆಟ ನಡೆಯುವುದು ಬೀಗವಿಲ್ಲದ ಎಚ್‌ಟಿಟಿಪಿ ಪುಟಗಳಲ್ಲಿ ಮಾತ್ರ. ಇವತ್ತು ನಾವು ತೆರೆಯುವುದು ಬಹುತೇಕ ಎಚ್‌ಟಿಟಿಪಿಎಸ್, ಅಂದರೆ ಬೀಗ ಹಾಕಿದ್ದು. ಜಿಮೇಲ್ ಆಗಲಿ, ಬ್ಯಾಂಕ್ ಆಗಲಿ, ನಡುವಿನವರು ಬಾಯಿ ಹಾಕಿದರೆ ಬ್ರೌಸರ್ ಒಪ್ಪುವುದಿಲ್ಲ. “ಈ ಸಂಪರ್ಕ ಸುರಕ್ಷಿತವಲ್ಲ” ಎಂದು ಕೆಂಪು ಎಚ್ಚರಿಕೆ ಕೊಡುತ್ತದೆ. ಬಹಳ ಜನ ಅವಸರದಲ್ಲಿ ಅದನ್ನು ದಾಟಿ ಮುಂದೆ ಹೋಗುವ ಗುಂಡಿ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ಅದರ ಬದಲು ಬೀಗವಿಲ್ಲದ ಒಂದು ಪುಟ ತೆರೆಯಿರಿ. ಇದಕ್ಕಾಗಿಯೇ ಯಾರೋ ಪುಣ್ಯಾತ್ಮರು ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com) ಎಂಬ ತಾಣ ಮಾಡಿಟ್ಟಿದ್ದಾರೆ. ಅದನ್ನು ಟೈಪ್ ಮಾಡಿದರೆ ಲಾಗಿನ್ ಪುಟ ಹೆಚ್ಚಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಆಗಲೂ ಬರದಿದ್ದರೆ ವಿಪಿಎನ್ ನೋಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ವಿಪಿಎನ್ ಎಲ್ಲವನ್ನೂ ಒಂದು ಸುರಂಗದೊಳಗೆ ಕಳಿಸಲು ನೋಡುತ್ತದೆ, ಕಾವಲುಗಾರ ಸುರಂಗ ತೋಡಲು ಬಿಡುವುದಿಲ್ಲ. ಇಬ್ಬರ ನಡುವೆ ನೀವು. ವಿಪಿಎನ್ ಆಫ್ ಮಾಡಿ, ಲಾಗಿನ್ ಆಗಿ, ಆಮೇಲೆ ಆನ್ ಮಾಡಿ. ಹಿಂದೆಂದೋ ಯಾರೋ ಹೇಳಿದರು ಅಂತ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಎಂದೋ ಕ್ಲೌಡ್‌ಫ್ಲೇರ್‌ನ 1.1.1.1 ಎಂದೋ ಬರೆದಿಟ್ಟಿದ್ದರೆ ಅದೂ ಅಡ್ಡ ಬರುತ್ತದೆ. ತಾತ್ಕಾಲಿಕವಾಗಿ ಅದನ್ನು ಆಟೋಮ್ಯಾಟಿಕ್‌ಗೆ ಇಡಿ.

ಇನ್ನು ಕೆಲವರ ದೂರು ಬೇರೆ. “ದಿನಾ ಓಟಿಪಿ ಕೇಳತೈತಿ, ನಿನ್ನೆ ಹಾಕೇನಲ್ರಿ?” ರೂಟರ್ ನಿಮ್ಮನ್ನು ಗುರುತಿಸುವುದು ಮುಖದಿಂದಲ್ಲ, ವೈಫೈ ಕಾರ್ಡಿನ ಮ್ಯಾಕ್ ವಿಳಾಸದಿಂದ, ಅಂದರೆ ಆ ಕಾರ್ಡಿನ ಗುರುತಿನ ನಂಬರಿನಿಂದ (ಆ್ಯಪಲ್‌ನ ಮ್ಯಾಕ್ ಬೇರೆ). ಇತ್ತೀಚಿನ ಫೋನು, ಲ್ಯಾಪ್‌ಟಾಪುಗಳು ಗುಟ್ಟು ಕಾಪಾಡಲು ಸುಳ್ಳು ಮ್ಯಾಕ್ ವಿಳಾಸ ಕೊಡುತ್ತವೆ. ಐಫೋನಿನಲ್ಲಿ ಇದು 2020ರಿಂದ ಇದೆ. ವಿಂಡೋಸ್‌ನಲ್ಲಿ “ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್” ಎಂಬ ಸ್ವಿಚ್ ಇದೆ, ಅದರಲ್ಲಿ ದಿನಕ್ಕೊಂದು ವಿಳಾಸ ಎಂಬ ಆಯ್ಕೆಯೂ ಇದೆ. ಅದು ಆನ್ ಇದ್ದರೆ ನೀವು ದಿನವೂ ಹೊಸಬರೇ. ಮೇಲಿನ ಟೋಕನ್ ಲೆಕ್ಕದಲ್ಲೂ ದಿನಕ್ಕೊಂದು ಹೊಸ ಟೋಕನ್ ನುಂಗುತ್ತೀರಿ. ದಿನಾ ಕೂರುವ ಆಫೀಸಿನ ವೈಫೈ ಒಂದಕ್ಕೆ ಇದನ್ನು ಆಫ್ ಇಡುವುದು ನನ್ನ ಮಟ್ಟಿಗೆ ಸರಿ. ಬಸ್ ಸ್ಟ್ಯಾಂಡಿನಲ್ಲಿ ಆನ್ ಇರಲಿ.

ಮೊದಲ ಬಾಗಿಲಿಗೆ ಮತ್ತೆ ಬರಬೇಕು. ಸೇರುತ್ತದೆ, ಆದರೆ ನಿಧಾನ, ಕಾಲ್ ನಡುವೆ ಕಡಿದುಹೋಗುತ್ತದೆ ಅನ್ನುವವರಿಗೆ ಉತ್ತರ ಅಲ್ಲಿದೆ. ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕಿಗಳೆಲ್ಲ ಮೈನಸ್. ಮೈನಸ್ 50 ಬಹಳ ಚೆನ್ನಾಗಿದೆ. ವಿಡಿಯೋ ಕಾಲ್‌ಗೆ ಮೈನಸ್ 67ರ ಆಸುಪಾಸು ಇದ್ದರೆ ಸಾಕು. ಮೈನಸ್ 80 ಅಂದರೆ ಕಷ್ಟ. 50ಕ್ಕೂ 80ಕ್ಕೂ ಸ್ವಲ್ಪವೇ ವ್ಯತ್ಯಾಸ ಅನಿಸುತ್ತದೆ ಅಲ್ವಾ? ಪ್ರತಿ 3 ಅಂಕಿಗೆ ಶಕ್ತಿ ಅರ್ಧವಾಗುತ್ತದೆ. 30 ಅಂಕಿಗೆ ಸಾವಿರ ಪಟ್ಟು ಕಡಿಮೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಹಿಡಿದು ವೈಫೈ ಚಿಹ್ನೆ ಒತ್ತಿದರೆ ಈ ಅಂಕಿ ಕಾಣುತ್ತದೆ.

ಕಬ್ಬಿಣದ ಕಪಾಟು, ಕಾಂಕ್ರೀಟ್ ಕಂಬ, ಹಳೆಯ ಹುಬ್ಬಳ್ಳಿಯ ಮನೆಗಳಲ್ಲಿರುವಂಥ ದಪ್ಪ ಗೋಡೆ, ಇವೆಲ್ಲ ಸಿಗ್ನಲ್ ತಿನ್ನುತ್ತವೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟುವ ತ್ರಾಣ ಕಡಿಮೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಸಂತೆ. ಒಂದಕ್ಕೊಂದು ಮೈ ತಾಗದ ಚಾನೆಲ್ಲುಗಳು ಅಲ್ಲಿ ಮೂರೇ: 1, 6, 11. ಬ್ಲೂಟೂತ್ ಅಲ್ಲೇ ಓಡಾಡುತ್ತದೆ, ಮೈಕ್ರೋವೇವ್ ಓವನ್ ಕೂಡ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. ಊಟದ ಹೊತ್ತಿಗೆ ಪ್ಯಾಂಟ್ರಿ ಪಕ್ಕದ ಟೇಬಲ್ಲಿನವರ ನೆಟ್ ಮುಗ್ಗರಿಸಿದರೆ ಅದು ಕಾಕತಾಳೀಯ ಅಲ್ಲ. ನನಗೆ ಆಶ್ಚರ್ಯ ಆದದ್ದು ಯುಎಸ್‌ಬಿ 3 ಹಾರ್ಡ್‌ಡಿಸ್ಕಿನ ವಿಷಯ. ಅದರ ಕೇಬಲ್ಲೂ 2.4ರಲ್ಲಿ ಗದ್ದಲ ಎಬ್ಬಿಸುತ್ತದೆ. ವೈಫೈ ಡಾಂಗಲ್ ಪಕ್ಕದ ರಂಧ್ರದಲ್ಲೇ ಅದನ್ನು ಚುಚ್ಚಬೇಡಿ. ಇನ್ನೊಂದು ಮಾತು: ಲ್ಯಾಪ್‌ಟಾಪಿನ ಆಂಟೆನಾ ಹೆಚ್ಚಾಗಿ ಪರದೆಯ ಅಂಚಿನಲ್ಲಿ ಇರುತ್ತದೆ. ದೊಡ್ಡ ಮಾನಿಟರ್‌ಗೆ ಜೋಡಿಸಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದರೆ ಒಮ್ಮೆ ತೆರೆದು ನೋಡಿ.

ಸಿಗ್ನಲ್ ಚೆನ್ನಾಗಿದ್ದೂ ನಿಧಾನ ಇರಬಹುದು. ಒಂದು ಚಾನೆಲ್ ಎಂದರೆ ಒಂದೇ ಮೈಕು. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ದೂರದ ಮೂಲೆಯಲ್ಲಿ ಕೂತವರ ಯಂತ್ರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತದೆ. ಅಷ್ಟು ಹೊತ್ತೂ ಮೈಕು ಅವರ ಕೈಯಲ್ಲಿ. ಒಬ್ಬರ ದುರ್ಬಲ ಸಿಗ್ನಲ್ ಎಲ್ಲರನ್ನೂ ಕಾಯಿಸುವುದು ಹೀಗೆ.

ದೊಡ್ಡ ಜಾಗದಲ್ಲಿ ಒಂದೇ ಹೆಸರಿನ ವೈಫೈಗೆ ಸಿಗ್ನಲ್ ಬಿಡುವ ಹಲವು ಪೆಟ್ಟಿಗೆಗಳಿರುತ್ತವೆ. ನಮ್ಮ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅಷ್ಟು ದೂರಕ್ಕೆ ಒಂದೇ ಪೆಟ್ಟಿಗೆ ಸಾಲುವುದು ಸಾಧ್ಯವೇ ಇಲ್ಲ. ನಡೆಯುತ್ತಾ ಹೋದ ಹಾಗೆ ಯಂತ್ರ ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು. ಯಾವಾಗ ಜಿಗಿಯಬೇಕು ಎಂದು ತೀರ್ಮಾನಿಸುವುದು ಹೆಚ್ಚಾಗಿ ಲ್ಯಾಪ್‌ಟಾಪೇ, ಪೆಟ್ಟಿಗೆಯಲ್ಲ. ಕೆಲವು ಲ್ಯಾಪ್‌ಟಾಪುಗಳು ತವರುಮನೆ ಬಿಡದ ಮದುಮಗಳ ಹಾಗೆ. ರಿಸೆಪ್ಶನ್ ಹತ್ತಿರದ ಪೆಟ್ಟಿಗೆ ಹಿಡಿದರೆ ಎರಡನೇ ಮಹಡಿಗೆ ಹೋದರೂ ಅದನ್ನೇ ಹಿಡಿದಿರುತ್ತವೆ, ನೆತ್ತಿಯ ಮೇಲೇ ಇನ್ನೊಂದು ಇದ್ದರೂ. ಜಾಗ ಬದಲಿಸಿದಾಗ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹತ್ತಿರದ್ದನ್ನು ಹುಡುಕಿಕೊಳ್ಳುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಗಾಳಿಯಲ್ಲಿ ತೊಂದರೆಯೋ, ಹೊರಗಿನ ತಂತಿಯಲ್ಲೋ ಅಂತ ಬೇರೆ ಮಾಡಬೇಕು. ಕಮಾಂಡ್ ಪರದೆಯಲ್ಲಿ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ನೋಡುವ ಪಿಂಗ್ ಕಮಾಂಡ್ ಅದಕ್ಕೇ ಇರುವುದು. ಮೊದಲು ರೂಟರಿಗೆ ಪಿಂಗ್ ಮಾಡಿ. ಐಪಿಕಾನ್ಫಿಗ್ ಕೊಟ್ಟಾಗ ಬರುವ ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಅದರ ವಿಳಾಸ ಇರುತ್ತದೆ. ಕೆಲವೇ ಮಿಲಿಸೆಕೆಂಡಿನಲ್ಲಿ ಒಂದೇ ಸಮನೆ ಉತ್ತರ ಬರಬೇಕು. ಅದೇ ಏರುಪೇರಾಗಿ, ನಡುನಡುವೆ ಉತ್ತರವೇ ಬರದಿದ್ದರೆ ತೊಂದರೆ ಗಾಳಿಯಲ್ಲಿದೆ. ಅದು ಸರಿಯಿದ್ದು 8.8.8.8ಕ್ಕೆ ಉತ್ತರ ಬರದಿದ್ದರೆ ಹೊರಗಿನ ಲೈನ್. 8.8.8.8 ಉತ್ತರ ಕೊಟ್ಟು, ಯಾವ ತಾಣದ ಹೆಸರೂ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ಹೆಸರಿನಿಂದ ನಂಬರ್ ಹುಡುಕಿಕೊಡುವವನು ಮಲಗಿದ್ದಾನೆ. ಕೆಲವು ಕಡೆ ಪಿಂಗ್‌ಗೆ ಉತ್ತರ ಕೊಡದಂತೆ ಬಂದ್ ಮಾಡಿರುತ್ತಾರೆ. ಪಕ್ಕದವರ ಲ್ಯಾಪ್‌ಟಾಪಿನಲ್ಲೂ ಮಾಡಿ ನೋಡಿ ಆಮೇಲೆ ತೀರ್ಮಾನ ಮಾಡಿ.

ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ಹೋದಾಗ ನಡೆಯುವ ಒಂದು ತಮಾಷೆ ಹೇಳಬೇಕು. ವೈಫೈ ಪೆಟ್ಟಿಗೆಗಳಿಗೆ ಯುಪಿಎಸ್ ಇರುತ್ತದೆ, ಫೈಬರ್ ತಂತಿ ಬಂದು ಸೇರುವ ಸಣ್ಣ ಡಬ್ಬಿಯನ್ನು ಯಾರೋ ಮಾಮೂಲಿ ಪ್ಲಗ್ಗಿಗೆ ಚುಚ್ಚಿರುತ್ತಾರೆ. ಸಿಗ್ನಲ್ ಫುಲ್, ರೂಟರ್ ಪಿಂಗ್ ಫಸ್ಟ್‌ಕ್ಲಾಸ್, ಹೊರಗೆ ಮಾತ್ರ ಕತ್ತಲೆ. ನಮ್ಮಲ್ಲಿ ಮೂರು ವಾರ ಇಂಟರ್‌ನೆಟ್ ಕಂಪನಿಗೆ ಬೈದ ಮೇಲೆ ಆ ಪ್ಲಗ್ ಕಂಡಿತು.

ಸಣ್ಣ ಪುಟ್ಟವು ಇನ್ನೂ ಇವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಗಡಿಯಾರದ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿದ್ದರೆ ಎಲ್ಲ ತಾಣಗಳೂ ಸುರಕ್ಷಿತವಲ್ಲ ಎನ್ನುತ್ತವೆ. ತಾರೀಖು ಸರಿ ಮಾಡಿ. ನೆಟ್ ಬರುತ್ತದೆ, ಪ್ರಿಂಟರ್ ಮಾತ್ರ ಕಾಣುವುದಿಲ್ಲ ಎಂದರೆ ಅದು ಕೆಟ್ಟಿರಲಿಕ್ಕಿಲ್ಲ. ಒಬ್ಬರ ಯಂತ್ರ ಇನ್ನೊಬ್ಬರಿಗೆ ಕಾಣದಂತೆ ಬೇಕೆಂದೇ ಗೋಡೆ ಹಾಕಿರುತ್ತಾರೆ, ಅದು ನಿಮ್ಮ ಒಳ್ಳೆಯದಕ್ಕೇ. ನಿದ್ದೆಯಿಂದ ಎದ್ದ ಮೇಲೆ ಲ್ಯಾಪ್‌ಟಾಪ್ ವೈಫೈ ಮರೆಯುತ್ತದೆ ಎಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ನೆಟ್‌ವರ್ಕ್ ರಿಸೆಟ್ ಎಂಬ ದೊಡ್ಡ ಗುಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ನೀವು ಉಳಿಸಿದ ಎಲ್ಲ ವೈಫೈ ಪಾಸ್‌ವರ್ಡುಗಳನ್ನೂ ಅದು ಅಳಿಸುತ್ತದೆ, ವಿಪಿಎನ್ ಮತ್ತೆ ಹಾಕಬೇಕಾಗಬಹುದು.

ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ದಿನಕ್ಕೆ ಹತ್ತು ಸಲ “ನೆಟ್ ಇಲ್ರಿ” ಎಂದು ಬರುತ್ತಿತ್ತು. ಆ ಹುಡುಗ ಪ್ರತಿ ಸಲ ಕೆಳಗಿಳಿದು ರೂಟರ್ ನೋಡಿ ಮೇಲೆ ಬರುತ್ತಿದ್ದ. ಮೊನ್ನೆ ಮೆಣಸಿನಕಾಯಿ ಲೆಕ್ಕದವರು ಹಾಕಿದ ಮೆಸೇಜು ಹೀಗಿತ್ತು: “ಎರಡನೇ ಮಾಳಿಗಿ, ಕಿಡಕಿ ಕಡೆ. ಹಾಟ್‌ಸ್ಪಾಟ್ ನಡೀತೈತಿ. 192 ಬಂದೈತಿ. ಗೇಟ್‌ವೇ ಪಿಂಗ್ ಆಗವಲ್ದು.” ಹುಡುಗ ಕೆಳಗೆ ಹೋಗಲೇ ಇಲ್ಲ. ನೇರ ಕಿಟಕಿ ಹತ್ತಿರದ ಪೆಟ್ಟಿಗೆಗೆ ಹೋಗಿ, ಸಡಿಲವಾಗಿದ್ದ ಕೇಬಲ್ ಒತ್ತಿ ಬಂದು ಚಹಾಕ್ಕೆ ಕೂತ.